ನಡುವಿನ ಸಾಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಂಗಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಸುಳ್ಳೇನಲ್ಲ. ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ನಾನು ಸಿ ಭಾಷೆ ಕಲಿಸುತ್ತೇನೆ. ಸೆಮಿಕೋಲನ್ ಮರೆತವರನ್ನು ಒಂದು ಮಾತು ಅಂದು ಬಿಟ್ಟುಬಿಡುತ್ತೇನೆ. ಮೆಮೊರಿಯಲ್ಲಿ ಜಾಗ ಕೇಳಿ ಪಡೆದು, ಕೆಲಸ ಮುಗಿದ ಮೇಲೆ ವಾಪಸ್ ಕೊಡದೆ ಎದ್ದುಹೋಗುವವರನ್ನು ಮಾತ್ರ ಸುಮ್ಮನೆ ಬಿಡುವವಳಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ನನ್ನ ಮುಂದೆ ಬರುವಂತಾಗದಿರಲಿ ಎಂದು ಮಕ್ಕಳು ದೇವರಿಗೆ ಹರಕೆ ಹೊರುತ್ತಾರಂತೆ. ಹೊರಲಿ ಪಾಪ.

ಜಾಗ ಕೇಳುವುದಕ್ಕೆ ಸಿ ಭಾಷೆಯಲ್ಲಿ ಮ್ಯಾಲಾಕ್ ಎನ್ನುತ್ತಾರೆ, ಬಿಟ್ಟುಕೊಡುವುದಕ್ಕೆ ಫ್ರೀ. ಇದಕ್ಕೆ ನಾನು ಕೊಡುವ ಉದಾಹರಣೆ ಸಿಂಧನೂರಿನ ಬಸ್ ನಿಲ್ದಾಣದ್ದು. ಬಸ್ಸು ಇನ್ನೂ ನಿಂತಿರುವುದಿಲ್ಲ, ಕಿಟಕಿಯಿಂದ ಟವೆಲ್ಲು, ಕರ್ಚೀಫು, ಕೈಚೀಲ ಸೀಟಿನ ಮೇಲೆ ಬೀಳುತ್ತವೆ. ಟವೆಲ್ ಬಿದ್ದ ಸೀಟು ನಿನ್ನದು, ಯಾರೂ ಕೇಳುವ ಹಾಗಿಲ್ಲ. ಮ್ಯಾಲಾಕ್ ಎಂದರೆ ಅಷ್ಟೇ. ಇಳಿಯುವಾಗ ಟವೆಲ್ ತೆಗೆದುಕೊಂಡು ಇಳಿ, ಮುಂದಿನವರು ಕುಳಿತುಕೊಳ್ಳಲಿ. ಅದು ಫ್ರೀ. ಹೆಂಗಸರಿಗೆ ಬಸ್ಸಿನಲ್ಲಿ ದುಡ್ಡು ಕೊಡುವುದು ತಪ್ಪಿದ ಮೇಲೆ ಫ್ರೀ ಎಂಬ ಮಾತು ಬಂದ ಕೂಡಲೇ ಹುಡುಗಿಯರು ಕಿಸಕ್ಕನೆ ನಗುತ್ತಾರೆ.

ಆ ಟವೆಲ್ಲಿನ ಮಾತು ನನ್ನದಲ್ಲ, ತಂಗಿಯದು. ಅವಳೀಗ ಇಲ್ಲ. ಹುಡುಗಿಯರು ನಗುವಾಗ ನಾನು ಬೋರ್ಡಿನ ಕಡೆಗೆ ತಿರುಗಿ ಬರೆದದ್ದನ್ನೇ ಇನ್ನೊಮ್ಮೆ ಬರೆಯುತ್ತೇನೆ.

ನಮ್ಮ ತವರು ಮಸ್ಕಿ. ಅಪ್ಪನದು ಕಿರಾಣಿ ಅಂಗಡಿ, ಮನೆಯ ಮುಂಭಾಗದಲ್ಲೇ. ನನಗೂ ತಂಗಿಗೂ ವಯಸ್ಸಿನ ಅಂತರ ಬಹಳ. ನಾನು ಮದುವೆಯಾಗಿ ಲಿಂಗಸುಗೂರಿಗೆ ಬರುವಾಗ ಅವಳಿನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಳು. ಆಮೇಲೆ ನನ್ನ ದಾರಿಯನ್ನೇ ಹಿಡಿದಳು. ಬಿಸಿಎಗೆ ಸೇರಿ ದಿನವೂ ಮಸ್ಕಿಯಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಭಾನುವಾರ ನಾನು ತವರಿಗೆ ಹೋದರೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕಾದಿರುತ್ತಿದ್ದಳು.

"ಅಕ್ಕ, ಮ್ಯಾಲಾಕ್ ಅಂದ್ರ ಮ್ಯಾಲಕ್ಕ ಹೋಗೋದೇನು?" ಎಂದು ಕೇಳಿದ್ದಳು, ಪಾಠ ಶುರುವಾದ ಮೊದಲ ದಿನ.

"ಜಾಗ ಇಸ್ಕೊಳ್ಳೋದು. ಎಷ್ಟು ಬೇಕೋ ಅಷ್ಟು."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಯಾರ ಜಾಗ ಇಸ್ಕೊಳ್ಳಾಕತ್ತೀರಿಬೇ? ನಿಮ್ಮಪ್ಪಗ ಗೊತ್ತೈತೇನು?"

ತಂಗಿ ನಕ್ಕು ನಕ್ಕು ಕಟ್ಟೆಯಿಂದ ಕೆಳಗಿಳಿದು ಕುಳಿತಳು. ಅಂದಿನಿಂದ ನಮ್ಮ ಮನೆಯಲ್ಲಿ ಪ್ರೋಗ್ರಾಂ ಬರೆಯುವುದಕ್ಕೆ ಜಾಗ ಇಸ್ಕೊಳ್ಳೋದು ಎಂದೇ ಹೆಸರಾಯಿತು. ಬಸ್ಸಿನ ಟವೆಲ್ಲಿನ ಮಾತನ್ನು ಅವಳು ಅವ್ವನಿಗೆ ತಿಳಿಸಿ ಹೇಳಲು ಅವತ್ತೇ ಹುಟ್ಟಿಸಿದ್ದು.

ನಮ್ಮ ಅವ್ವನ ರಂಗೋಲಿ ಓಣಿಗೆಲ್ಲ ಹೆಸರುವಾಸಿ. ಪುಸ್ತಕ ನೋಡಿ ಹಾಕಿದವಳಲ್ಲ, ಯಾವುದನ್ನೂ ಬರೆದಿಟ್ಟವಳೂ ಅಲ್ಲ. ನಸುಕಿನಲ್ಲಿ ಅಂಗಳ ಗುಡಿಸಿ, ನೀರು ಹೊಡೆದು, ರಂಗೋಲಿ ಡಬ್ಬಿ ಹಿಡಿದು ಕುಕ್ಕರುಗಾಲಲ್ಲಿ ಕುಳಿತರೆ ಕೈ ತಾನೇ ಓಡುತ್ತಿತ್ತು. ಅವಳಿಗೆ ಪ್ರೀತಿ ಸಂದು ಚುಕ್ಕಿಯ ರಂಗೋಲಿ. ಮೊದಲು ನಡುವಿನ ಉದ್ದ ಸಾಲು ಇಡುವುದು, ಒಂಬತ್ತು ಚುಕ್ಕಿ ಅನ್ನಿ. ಅದರ ಮೇಲೆ ಎರಡೆರಡು ಚುಕ್ಕಿಯ ಸಂದಿನಲ್ಲಿ ಒಂದೊಂದರಂತೆ ಎಂಟು, ಅದರ ಮೇಲೆ ಏಳು, ಹೀಗೆ ಐದಕ್ಕೆ ನಿಲ್ಲಿಸುವುದು. ಆಮೇಲೆ ಮತ್ತೆ ನಡುವಿನ ಸಾಲಿಗೆ ಬಂದು ಹಾಗೆಯೇ ಕೆಳಗಿಳಿಯುವುದು. ಚುಕ್ಕಿ ಮುಗಿದ ಮೇಲೆ ಎಳೆ ಎಳೆದು ಕೂಡಿಸುವುದು. ನಾವಿಬ್ಬರೂ ಅವಳ ಪಕ್ಕದಲ್ಲಿ ಕುಳಿತು ಹಾಗೆಯೇ ಕಲಿತೆವು. ಬೇರೆ ರೀತಿಯಲ್ಲಿ ಚುಕ್ಕಿ ಇಡಬಹುದೆಂದು ನಮಗೆ ಹೊಳೆದದ್ದೇ ಇಲ್ಲ.

ಕೊನೆಯ ವರ್ಷ ತಂಗಿಗೆ ಆ ರಂಗೋಲಿಯನ್ನೆಲ್ಲ ಕಂಪ್ಯೂಟರಿನಲ್ಲಿ ಇಡುವ ಹುಚ್ಚು ಹತ್ತಿತು. ಅದಕ್ಕೆ ಬೇಕಾದದ್ದು ನಾವು ಟೂ-ಡಿ ಅರೇ ಅನ್ನುವ ವ್ಯವಸ್ಥೆ: ಸಾಲುಗಳು, ಸಾಲಿನೊಳಗೆ ಮನೆಗಳು. ರಂಗೋಲಿ ಎಷ್ಟು ದೊಡ್ಡದೆಂದು ಮೊದಲೇ ಗೊತ್ತಿಲ್ಲದ್ದರಿಂದ ಜಾಗವನ್ನು ಆಗಿಂದಾಗಲೇ ಕೇಳಿ ಪಡೆಯಬೇಕು. ಸಾಲುಗಳ ವಿಳಾಸ ಇಟ್ಟುಕೊಳ್ಳಲು ಒಂದು ಜಾಗ, ಆಮೇಲೆ ಒಂದೊಂದು ಸಾಲಿನ ಚುಕ್ಕಿಗಳಿಗೂ ಅದರದೇ ಜಾಗ. ಬಿಟ್ಟುಕೊಡುವಾಗ ಸಾಲುಗಳನ್ನು ಮೊದಲು ಬಿಡಬೇಕು, ವಿಳಾಸದ ಜಾಗವನ್ನು ಕೊನೆಗೆ. ಮೂರನೇ ವರ್ಷದ ಹುಡುಗರೇ ಇದರಲ್ಲಿ ಮುಗ್ಗರಿಸುತ್ತಾರೆ. ಅವಳು ಒಂದು ವಾರ ಅಡುಗೆಮನೆಯಲ್ಲಿ ಕುಳಿತು ಬರೆದಳು.

ಅವಳ ಪ್ರೋಗ್ರಾಂ ಅವ್ವನ ಜೊತೆ ಮಾತಾಡುತ್ತಿತ್ತು. ಇಂಗ್ಲಿಷ್ ಅಕ್ಷರದಲ್ಲೇ ಮನೆಯ ಮಾತು ಬರೆದಿದ್ದಳು. "ಅವ್ವ, ನಡುವ ಎಷ್ಟು ಚುಕ್ಕಿ?" ಎಂದು ಕೇಳುತ್ತಿತ್ತು. ಆಮೇಲೆ "ಎಷ್ಟಕ್ಕ ನಿಂದ್ರಸಲಿ?" ಎಂದು. ಚುಕ್ಕಿಗಳು ಪರದೆಯ ಮೇಲೆ ಸಾಲಾಗಿ ಬಂದ ಮೇಲೆ ಪಡೆದ ಜಾಗವನ್ನೆಲ್ಲ ವಾಪಸ್ ಕೊಟ್ಟು, ತೀರ ಕೊನೆಗೆ "ಆತು ಅವ್ವ. ಇನ್ನ ಒರಸು" ಎಂದು ಹೇಳಿ ಮುಗಿಯಬೇಕಿತ್ತು. ಆ ಕೊನೆಯ ಸಾಲು ಅವಳ ಕುಚೇಷ್ಟೆ. ರಂಗೋಲಿಯನ್ನು ಮರುದಿನ ಒರಸಲೇಬೇಕಲ್ಲ, ಫ್ರೀ ಅಂದರೆ ಅದೇ ಎಂದು ನನಗೆ ಪಾಠ ಹೇಳಿದಳು. ಚುಕ್ಕಿ ಕೂಡಿಸುವ ಎಳೆಗಳನ್ನು ಆಮೇಲೆ ಬರೆಯುತ್ತೇನೆ ಎಂದು ಅವ್ವನಿಗೂ ಹೇಳಿದ್ದಳು.

ಅವಳ ಕಾಲೇಜಿನ ಹಳೆಯ ನೀಲಿ ಪರದೆಯ ಕಂಪೈಲರ್‌ನಲ್ಲಿ ಅದು ಚೆನ್ನಾಗಿಯೇ ಓಡುತ್ತಿತ್ತಂತೆ. ನನ್ನ ಲ್ಯಾಪ್‌ಟಾಪಿನಲ್ಲಿ ಓಡಿಸಿದರೆ ಚುಕ್ಕಿಗಳೆಲ್ಲ ಬಂದವು, ಕೂಡಲೇ ಪ್ರೋಗ್ರಾಂ ಅರ್ಧಕ್ಕೇ ನಿಂತು ಬಿದ್ದಿತು. ಮೆಮೊರಿ ಕೆಟ್ಟಿದೆ ಎಂಬ ಒಂದು ಸಾಲಿನ ಬೈಗುಳ ಪರದೆಯ ಮೇಲೆ ಉಳಿಯಿತು. ಒರಸು ಎಂಬ ಮಾತಿನವರೆಗೆ ಅದು ಬರಲೇ ಇಲ್ಲ. ಇಬ್ಬರೂ ಮಧ್ಯಾಹ್ನವಿಡೀ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಹುಡುಕಿದೆವು. ನನಗೆ ತಲೆ ಚಿಟ್ಟು ಹಿಡಿಯಿತು. "ಸರಿಲೇ ಆಕಡೆ, ನಾನ ಮೊದಲಿಂದ ಬರದು ಕೊಡ್ತೀನಿ" ಅಂದೆ.

ಅವಳು ಲ್ಯಾಪ್‌ಟಾಪನ್ನು ಎದೆಗವಚಿಕೊಂಡಳು. "ನೀ ಬರದ್ರ ಅದು ನಿಂದಾಗತೈತಿ. ಬಿದ್ರ ಬೀಳಲಿ. ನಾನ ಎಬ್ಬಸ್ತೀನಿ."

"ಎಬ್ಬಸು ನೋಡೋಣು" ಎಂದು ನಾನು ಬಸ್ಸಿಗೆ ಹೊರಟೆ. ಜಗಳವೇನಲ್ಲ, ನಮ್ಮಲ್ಲಿ ಅಂಥವು ದಿನಕ್ಕೊಂದು ಆಗುತ್ತಿದ್ದವು. ಫೈಲಿನ ಒಂದು ಪ್ರತಿ ನನ್ನ ಲ್ಯಾಪ್‌ಟಾಪಿನಲ್ಲಿ ಉಳಿಯಿತು.

ಮಳೆಗಾಲ ಮುಗಿಯುತ್ತ ಬಂದಾಗ ಅವಳಿಗೆ ಜ್ವರ ಬಂತು. ಮಸ್ಕಿಯಲ್ಲಿ ತೋರಿಸಿದರು, ಇಳಿಯಲಿಲ್ಲ. ಲಿಂಗಸುಗೂರಿಗೆ ಕರೆತಂದೆವು. ರಕ್ತ ಪರೀಕ್ಷೆ ಮಾಡಿ ಡೆಂಗಿ ಅಂದರು, ತಡಮಾಡದೆ ರಾಯಚೂರಿಗೆ ಒಯ್ಯಿರಿ ಅಂದರು. ಒಯ್ದೆವು. ಎಲ್ಲರೂ ತಮ್ಮ ಕೈಲಾದದ್ದು ಮಾಡಿದರು. ಅವಳು ಮನೆಗೆ ಬಂದದ್ದು ಅಂಬ್ಯುಲೆನ್ಸಿನಲ್ಲಿ, ಬಿಳಿ ಬಟ್ಟೆ ಹೊದ್ದುಕೊಂಡು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ. ಬರೆದರೂ ಅದರಲ್ಲಿ ಹೊಸದೇನಿಲ್ಲ, ಯಾರ ಮನೆಯಲ್ಲಿ ಹೀಗಾದರೂ ಹೀಗೆಯೇ ಆಗುತ್ತದೆ.

ಯಾರಾದರೂ ಊರಿಗೆ ಹೊರಟರೆ ಅವರ ಬೆನ್ನ ಹಿಂದೆಯೇ ಕಸ ಹೊಡೆಯಬಾರದು ಎನ್ನುವುದು ನಮ್ಮ ಕಡೆಯ ರೂಢಿ. ಜ್ವರದ ತಂಗಿಯನ್ನು ಕಾರಿನಲ್ಲಿ ಮಲಗಿಸಿದ ದಿನ ಅಂಗಳದಲ್ಲಿ ಅವ್ವನ ಬೆಳಗಿನ ರಂಗೋಲಿ ಹಾಗೇ ಇತ್ತು. ಅದನ್ನು ಆಮೇಲೂ ಯಾರೂ ಗುಡಿಸಲಿಲ್ಲ. ಅವಳ ಮಣ್ಣಿಗೆ ಬಂದವರ ಕಾಲಿಗೆ ಸಿಕ್ಕು ಅದು ತಾನಾಗಿ ಅಳಿಸಿಹೋಯಿತು.

ಸಾವಾದ ಮನೆಯ ಮುಂದೆ ರಂಗೋಲಿ ಹಾಕುವುದಿಲ್ಲ. ಅದಕ್ಕೂ ಒಂದು ಅವಧಿ ಇದೆ. ವರ್ಷ ತುಂಬಿತು, ಹಿರಿಯರು ಬಂದು ಇನ್ನು ಹಾಕು ಅಂದರು. ಅವ್ವ ಹಾಕಲಿಲ್ಲ. ಬೋಳು ಅಂಗಳ ನೋಡಿ ನೋಡಿ ಅಪ್ಪನಿಗೆ ತಡೆಯಲಾಗಲಿಲ್ಲ. ಸಿಂಧನೂರಿಗೆ ಮಾಲು ತರಲು ಹೋದವನು ಅಂಟಿಸುವ ರಂಗೋಲಿ ತಂದು ಹೊಸ್ತಿಲ ಮುಂದೆ ಹಚ್ಚಿದ. ಕೆಂಪು ಹಳದಿ ಕಮಲ. ಮಧ್ಯಾಹ್ನ ಅಪ್ಪ ಉಂಡು ಮಲಗಿದಾಗ ಅವ್ವ ಉಗುರಿನಿಂದ ಕೆರೆದು ಕೆರೆದು ಅದನ್ನು ಕಿತ್ತಳು. ಅಂಟಿನ ಕಲೆ ಮಾತ್ರ ಇನ್ನೂ ಇದೆ.

ಆ ಭಾನುವಾರ ನಾನು ತವರಿನಲ್ಲೇ ಇದ್ದೆ. ನನಗೂ ರೇಗಿತು. "ಎಷ್ಟು ದಿನಬೇ ಹಿಂಗ? ಒಂದು ನಾಕು ಚುಕ್ಕಿ ಇಟ್ರ ಏನಾಗತೈತಿ?"

"ನನ್ನ ಕೈಯಾಗ ಒಂದೂ ಉಳದಿಲ್ಲ" ಅಂದಳು ಅವ್ವ. "ಎಲ್ಲಾ ಅಕಿ ಇಸ್ಕೊಂಡು ಅದ್ರಾಗ ಇಟ್ಟಾಳ. ಅದನ್ನ ತೆಗಿ. ನೋಡ್ತೀನಿ."

ಲ್ಯಾಪ್‌ಟಾಪ್ ತೆಗೆದೆ. ಅದೇ ಕಟ್ಟೆಯ ಮೇಲಿಟ್ಟು ತಂಗಿಯ ಪ್ರೋಗ್ರಾಂ ಓಡಿಸಿದೆ. ಅವ್ವ, ನಡುವ ಎಷ್ಟು ಚುಕ್ಕಿ ಎಂದು ಪರದೆ ಕೇಳಿತು. ನಾನು ಓದಿ ಹೇಳಿದೆ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಒಂಬತ್ತು ಅಂದಳು, ಮುಂದಿನ ಪ್ರಶ್ನೆಗೆ ಐದು. ಚುಕ್ಕಿಗಳು ಬಂದವು, ಒಂಬತ್ತರ ಸಾಲು ನಡುವೆ, ಮೇಲೆ ಕೆಳಗೆ ಇಳಿಯುತ್ತ ಐದರವರೆಗೆ. ಅವಳು ಪರದೆಯ ಹತ್ತಿರ ಬೆರಳು ಒಯ್ದಳು. ಅಷ್ಟರಲ್ಲಿ ಬಿದ್ದಿತು.

"ಏನಂತೈತಿ ಅದು, ಕೆಳಗ?"

"ಬಿತ್ತು ಅಂತೈತಿ. ಏನೋ ತಪ್ಪೈತಿ ಅದ್ರಾಗ. ಅಕಿಗೂ ಸಿಕ್ಕಿರಲಿಲ್ಲ."

"ಇನ್ನೊಮ್ಮೆ ಮಾಡು."

ಮಾಡಿದೆ. ಇನ್ನೊಮ್ಮೆ ಬಿದ್ದಿತು. ಅವ್ವ ಕಟ್ಟೆಗೆ ಬೆನ್ನು ಹಚ್ಚಿ ಕುಳಿತಳು. "ಅಕಿನೂ ಹಿಂಗ ನಡುವ ಬಿದ್ದು ಹೋದ್ಲು, ಅಕಿ ಮಾಡಿದ್ದೂ ಹಿಂಗ ಬೀಳಾಕತ್ತೈತಿ. ನನಗ ನೋಡಾಕ ಆಗವಲ್ದು. ಇದು ಬೀಳಲಾರದಂಗ ಮಾಡು. ಅಕಿ ಕೆಲಸ ಕಡೀ ತನಕ ಮುಗೀಲಿ, ಅವತ್ತ ನಾ ಬಾಗಿಲಿಗೆ ರಂಗೋಲಿ ಹಾಕ್ತೀನಿ."

ಕೊನೆಗೆ ಒರಸು ಎಂಬ ಮಾತಿದೆ ಎಂದು ನಾನು ಅವ್ವನಿಗೆ ಹೇಳಲಿಲ್ಲ. ಬಂದಾಗ ನೋಡಲಿ, ನಗುತ್ತಾಳೆ ಅಂದುಕೊಂಡೆ. ಆ ಮಾತಿಗೆ ನಗು ಬರಬಹುದೆಂದು ಆಗ ನಿಜವಾಗಿಯೂ ಅನಿಸಿತ್ತು.

ಇಂಥ ತಪ್ಪಿನ ಕೆಟ್ಟ ಗುಣವೆಂದರೆ ಅದು ಆದಲ್ಲಿ ಕಾಣುವುದಿಲ್ಲ. ಒಂದು ಕಡೆ ಆಗಿರುತ್ತದೆ, ಪ್ರೋಗ್ರಾಂ ಇನ್ನೆಲ್ಲೋ ಬೀಳುತ್ತದೆ. ನಡುವೆ ಎಲ್ಲವೂ ನೆಟ್ಟಗೇ ನಡೆಯುತ್ತದೆ. ತಂಗಿಯದು ಬೀಳುತ್ತಿದ್ದುದು ಜಾಗ ಬಿಟ್ಟುಕೊಡುವ ಸಾಲುಗಳಲ್ಲಿ. ಅವನ್ನು ಎಷ್ಟು ಸಲ ಓದಿದರೂ ಅವುಗಳಲ್ಲಿ ತಪ್ಪಿರಲಿಲ್ಲ. ಅವಳು ಚುಕ್ಕಿಯ ಸಾಲುಗಳನ್ನು ಮೊದಲು, ವಿಳಾಸವನ್ನು ಕೊನೆಗೆ, ನಾನು ಕಲಿಸಿದಂತೆಯೇ ಬಿಟ್ಟಿದ್ದಳು. ಸಿಟ್ಟು ಬಂದು ಒಂದು ದಿನ ಆ ಬಿಟ್ಟುಕೊಡುವ ಸಾಲುಗಳನ್ನೇ ಪ್ರೋಗ್ರಾಂನಿಂದ ತೆಗೆದುಹಾಕಿದೆ. ನನ್ನ ಕ್ಲಾಸಿನ ಮಕ್ಕಳು ಹೀಗೆ ಮಾಡಿದ್ದರೆ ಹೊರಗೆ ಕಳಿಸುತ್ತಿದ್ದೆ. ಪ್ರೋಗ್ರಾಂ ಬೀಳಲಿಲ್ಲ. ನನಗೆ ನಾಚಿಕೆಯಾದರೂ ಇದೇ ಸಾಕು ಅನ್ನಿಸಿತು. ಆದರೆ ಅವ್ವನ ದೊಡ್ಡ ರಂಗೋಲಿ, ನಡುವೆ ಹತ್ತೊಂಬತ್ತು ಚುಕ್ಕಿಯದು, ಕೇಳಿ ನೋಡಿದರೆ ಚುಕ್ಕಿಯ ಸಾಲುಗಳು ಕೆಟ್ಟವು. ಒಂದು ಸಾಲಿನಲ್ಲಿ ಚುಕ್ಕಿಯೇ ಇಲ್ಲ, ಇನ್ನೊಂದರಲ್ಲಿ ಪರದೆ ತುಂಬಿ ಹರಿಯುವಷ್ಟು. ತಪ್ಪು ಒಳಗೇ ಕುಳಿತಿತ್ತು. ನಾನು ಅದರ ಬಾಯಿ ಮುಚ್ಚಿದ್ದೆನಷ್ಟೇ. ತೆಗೆದ ಸಾಲುಗಳನ್ನು ಮತ್ತೆ ಸೇರಿಸಿದೆ.

ಪೂರ್ತಿ ಹೊಸದಾಗಿ ಬರೆಯುವುದು ಅರ್ಧ ತಾಸಿನ ಕೆಲಸ. ಹಾಗೆ ಮಾಡಲು ಮನಸ್ಸು ಬರಲಿಲ್ಲ. ನೀ ಬರದ್ರ ಅದು ನಿಂದಾಗತೈತಿ ಎಂದಿದ್ದಳಲ್ಲ. ಆ ಮಾತಿನ ಮೇಲೆ ನಾನು ಹೇಗೆ ಹೊಸದು ಬರೆಯಲಿ? ಕಾಲೇಜಿನಲ್ಲಿ ಯಾರಿಗಾದರೂ ತೋರಿಸಬಹುದಿತ್ತು. ಅದೂ ಆಗಲಿಲ್ಲ. ಅದರಲ್ಲಿ ಸಾಲುಸಾಲಿಗೂ ಅವಳು ಅವ್ವ ಅವ್ವ ಎಂದು ಕರೆದಿದ್ದಳು. ಪರರ ಕಣ್ಣಿಗೆ ಅದು ಬೀಳುವುದು ನನಗೆ ಬೇಕಿರಲಿಲ್ಲ.

ಮೆಮೊರಿಯ ತಪ್ಪು ಹಿಡಿಯುವ ಒಂದು ಸಲಕರಣೆ ಇದೆ. ಪ್ರೋಗ್ರಾಂ ಓಡುವಾಗ ಅದು ಪಕ್ಕದಲ್ಲಿ ನಿಂತು ಯಾರ ಜಾಗದಲ್ಲಿ ಯಾರು ಕಾಲಿಟ್ಟರು ಎಂದು ಹೇಳುತ್ತದೆ. ಅದನ್ನು ಹಾಕಿಕೊಂಡು ಓಡಿಸಿದೆ. ಪಡೆದ ಜಾಗ ಶುರುವಾಗುವುದಕ್ಕಿಂತ ಮುಂಚಿನ ಜಾಗದಲ್ಲಿ ಬರೆಯಲಾಗುತ್ತಿದೆ ಎಂದು ಅದು ಹೇಳಿತು. ನಾನು ನಂಬಲಿಲ್ಲ. ಇಷ್ಟು ವರ್ಷ ನೋಡಿದ ಹುಡುಗರೆಲ್ಲ ಕೊನೆಯನ್ನು ದಾಟಿ ಆಚೆ ಬರೆಯುವವರೇ. ಎಣಿಕೆ ಒಂದು ಹೆಚ್ಚಾಗಿ ಬೇಲಿ ಹಾರುತ್ತಾರೆ. ಶುರುವಿಗಿಂತ ಹಿಂದೆ ಯಾರು ಹೋಗುತ್ತಾರೆ? ಪ್ರೋಗ್ರಾಂ ಅನ್ನು ಮತ್ತೆ ಓದಿದೆ. ವಿಳಾಸದ ಜಾಗಕ್ಕೆ ಅವಳು ಇಟ್ಟ ಹೆಸರು 'ನಡು'. ನಡುವಿನ ಸಾಲನ್ನು ನಡುವಿನಲ್ಲಿ ಇಟ್ಟಿದ್ದಾಳೆ. ಅಲ್ಲಿಂದ ಒಂದೊಂದೇ ಹೆಜ್ಜೆ ಮೇಲಕ್ಕೆ, ಆಮೇಲೆ ಒಂದೊಂದೇ ಹೆಜ್ಜೆ ಕೆಳಕ್ಕೆ. ಸರಿಯಾಗಿಯೇ ಇದೆಯಲ್ಲ ಅನ್ನಿಸಿತು. ಭಾನುವಾರಗಳು ಹೋದವು. ಪ್ರತಿ ಸಲ ಹೋದಾಗಲೂ ಅವ್ವ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ನನ್ನ ಕೈಚೀಲದಲ್ಲಿ ಲ್ಯಾಪ್‌ಟಾಪ್ ಇದೆಯೇ ಎಂದು ನೋಡುತ್ತಿದ್ದಳು. ಅಂಗಳ ಬೋಳಾಗಿಯೇ ಇತ್ತು.

ದೀಪಾವಳಿ ಬಂತು. ಲಿಂಗಸುಗೂರಿನ ನಮ್ಮ ಮನೆಯಲ್ಲಿ ರಂಗೋಲಿ ಅತ್ತೆಯ ಪಾಲಿನದು. ಆ ಬೆಳಿಗ್ಗೆ ಅವರಿಗೆ ಮಂಡಿ ನೋವು, ನೀನೇ ಹಾಕವ್ವ ಅಂದರು. ನೀರು ಹೊಡೆದ ನೆಲ ಇನ್ನೂ ಹಸಿಯಾಗಿತ್ತು. ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಬಾಗಿಲ ಮುಂದೆ ಕುಳಿತು ನಡುವಿನ ಉದ್ದ ಸಾಲು ಇಟ್ಟೆ. ಅಲ್ಲಿಂದ ಕೈ ಮೇಲಕ್ಕೆ ಹೊರಟಿತು. ಒಂದು ಸಾಲು ಇಟ್ಟೆ. ಎರಡನೆಯದಕ್ಕೆ ಕಟ್ಟೆ ಅಡ್ಡ ಬಂತು. ನಡುವನ್ನು ಕಟ್ಟೆಗೆ ತೀರ ಹತ್ತಿರ ಹಿಡಿದಿದ್ದೆ, ಮೇಲೆ ಜಾಗವೇ ಇರಲಿಲ್ಲ.

ಚಿಟಿಕೆಯ ಪುಡಿ ಕೈಯಲ್ಲೇ ಉಳಿಯಿತು.

ಮ್ಯಾಲಾಕ್ ಕೊಡುವುದು ಯಾವತ್ತೂ ಜಾಗದ 'ಮೊದಲ' ತುದಿಯನ್ನು. ಅಲ್ಲಿಂದ ಮುಂದೆ ಇರುವುದಷ್ಟೇ ನಮ್ಮದು. ತಂಗಿ ಬೇಕಾದಷ್ಟು ಜಾಗ ಕೇಳಿದ್ದಳು, ಲೆಕ್ಕ ತಪ್ಪಿರಲಿಲ್ಲ. ಆದರೆ ಸಿಕ್ಕ ಮೊದಲ ತುದಿಗೇ ನಡು ಎಂದು ಹೆಸರಿಟ್ಟು ಅಲ್ಲಿ ನಡುವಿನ ಸಾಲನ್ನು ಇಟ್ಟುಬಿಟ್ಟಿದ್ದಳು. ಕೆಳಗಿನ ಸಾಲುಗಳು ಮುಂದಕ್ಕೆ ಹೋಗಿ ನೆಟ್ಟಗೆ ಕುಳಿತವು. ಮೇಲಿನವು ಹಿಂದಕ್ಕೆ ಹೋದವು, ಅಲ್ಲಿ ಅವಳ ಜಾಗವಿರಲಿಲ್ಲ. ಟವೆಲ್ ಹಾಕಿದ ಸೀಟು ಖಾಲಿ ಬಿಟ್ಟು ಬೇರೆಯವರ ಸೀಟಿನಲ್ಲಿ ಕುಳಿತ ಹಾಗೆ. ದಾರಿಯುದ್ದಕ್ಕೂ ಯಾರೂ ಕೇಳಲಿಲ್ಲ. ಬಿಟ್ಟುಕೊಡುವ ಹೊತ್ತಿಗೆ ಯಂತ್ರ ತಾನು ಅಲ್ಲಿ ಬರೆದಿಟ್ಟ ಗುರುತು ಹುಡುಕಿತು, ಗುರುತಿನ ಮೇಲೆ ಅವ್ವನ ರಂಗೋಲಿಯ ಸಾಲು ಕುಳಿತಿತ್ತು.

ಬೇರೆ ಯಾರು ನೋಡಿದ್ದರೂ ಮೊದಲ ಓದಿಗೇ ಹಿಡಿಯುತ್ತಿದ್ದರು. ನನಗೆ ಕಾಣಲಿಲ್ಲ, ಯಾಕೆಂದರೆ ನಾನೂ ಅದೇ ಅವ್ವನ ಮಗಳು. ರಂಗೋಲಿ ನಡುವಿನಿಂದ ಶುರುವಾಗುತ್ತದೆ ಎನ್ನುವುದು ನನಗೆ ಎಷ್ಟು ಸಹಜವೋ ಅವಳಿಗೂ ಅಷ್ಟೇ ಸಹಜ. ಮ್ಯಾಲಾಕ್ ಅಂದ್ರ ಮ್ಯಾಲಕ್ಕ ಹೋಗೋದೇನು ಎಂದು ಕೇಳಿದ ಹುಡುಗಿ ನಿಜವಾಗಿಯೂ ಮೇಲಕ್ಕೆ ಹೋಗಿದ್ದಳು. ಹಸಿ ನೆಲದ ಮೇಲೆ ಕುಳಿತೇ ಅತ್ತುಬಿಟ್ಟೆ. ಹಬ್ಬದ ದಿನ ಬಾಗಿಲಲ್ಲಿ ಕುಳಿತು ಅಳಬಾರದು ಎಂದು ಅತ್ತೆ ಒಳಗಿನಿಂದ ಅನ್ನಬಹುದಿತ್ತು. ಅವರು ಬಂದು ಪಕ್ಕದಲ್ಲಿ ನಿಂತರು. ತಂಗಿ ಹೋದಾಗಲೂ ನಾನು ಅಷ್ಟು ಅತ್ತಿರಲಿಲ್ಲ.

ಸರಿಪಡಿಸಲು ಒಂದು ಸಾಲು ಸೇರಿಸಿದೆ. ಸಿಕ್ಕ ತುದಿಗೆ 'ಮೊದಲು' ಎಂದು ಬೇರೆ ಹೆಸರಿಟ್ಟು, ಅಲ್ಲಿಂದ ಮೇಲಿನ ಸಾಲುಗಳಿಗೆ ಬೇಕಾದಷ್ಟು ಒಳಗೆ ಸರಿದು ಅವಳ ನಡುವನ್ನು ಕೂರಿಸಿದೆ. ಬಿಟ್ಟುಕೊಡುವಾಗ ನಡುವಿನ ಬದಲು ಮೊದಲನ್ನು ಬಿಟ್ಟುಕೊಡುವಂತೆ ಮಾಡಿದೆ. ಉಳಿದದ್ದು ಒಂದಕ್ಷರವೂ ಮುಟ್ಟಲಿಲ್ಲ. ಅವಳು ಈಗಲೂ ನಡುವಿನಿಂದಲೇ ಮೇಲೆ ಹೋಗುತ್ತಿದ್ದಳು, ನಡುವಿನಿಂದಲೇ ಕೆಳಗೆ. ಅವಳ ಕಾಲ ಕೆಳಗೆ ನೆಲ ಇತ್ತು ಅಷ್ಟೇ. ಓಡಿಸಿ ನೋಡಬೇಕೆಂದು ಕೈ ತುಡಿಯಿತು. ಓಡಿಸಲಿಲ್ಲ. ಮೊದಲು ಅವ್ವನೇ ನೋಡಲಿ ಎಂದು ಲ್ಯಾಪ್‌ಟಾಪ್ ಮುಚ್ಚಿದೆ.

ಪಾಡ್ಯದ ಮರುದಿನ ಮಸ್ಕಿಗೆ ಹೋದೆ. ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಯಾರೋ ಪುಣ್ಯಾತ್ಮಳು ಟವೆಲ್ ಎತ್ತಿ ಕೂಡ್ರಿಸಿಕೊಂಡಳು. ಸಂಭ್ರಮವೋ ಭಯವೋ ಗೊತ್ತಾಗಲಿಲ್ಲ, ಕೈಚೀಲವನ್ನು ತಂಗಿ ಅವಚಿಕೊಂಡಿದ್ದ ಹಾಗೆ ಎದೆಗೆ ಅವಚಿಕೊಂಡು ಹೋದೆ.

ಅವ್ವ ನನ್ನ ಮುಖ ನೋಡಿಯೇ ತಿಳಿದುಕೊಂಡಳು. ಕೈ ತೊಳೆದು, ಸೆರಗು ಸರಿಮಾಡಿಕೊಂಡು ಕಟ್ಟೆಯ ಮುಂದೆ ಬಂದು ಕುಳಿತಳು. ಅಪ್ಪನೂ ಅಂಗಡಿ ಬಿಟ್ಟು ಬಂದು ಬಾಗಿಲಿಗೆ ಒರಗಿ ನಿಂತ. ಓಡಿಸಿದೆ.

"ಅವ್ವ, ನಡುವ ಎಷ್ಟು ಚುಕ್ಕಿ, ಅಂತ ಕೇಳಾಕತ್ತಾಳ" ಎಂದು ಓದಿದೆ.

"ಒಂಬತ್ತು."

"ಎಷ್ಟಕ್ಕ ನಿಂದ್ರಸಲಿ?"

"ಐದಕ್ಕವ್ವ, ಐದಕ್ಕ."

ಚುಕ್ಕಿಗಳು ಬಂದವು. ಬೈಗುಳ ಬರಲಿಲ್ಲ. ಅದರ ಜಾಗದಲ್ಲಿ ಅವಳ ಸಾಲು ಬಂತು.

"ಏನಂತೈತಿ?"

"ಆತು ಅವ್ವ. ಇನ್ನ ಒರಸು."

ಅಪ್ಪ ಬಾಗಿಲಿನಿಂದ ಸರಿದು ಅಂಗಡಿಗೆ ಹೋದ. ಅವ್ವ ಇನ್ನೊಮ್ಮೆ ಓದು ಅಂದಳು. ಓದಿದೆ. ಪರದೆಯಲ್ಲಿ ಅದರ ಕೆಳಗೆ ಒಂದು ಚಿಕ್ಕ ಗೆರೆ ಮಿಣುಕುತ್ತಿತ್ತು. ಅವ್ವ ಅದನ್ನೇ ನೋಡುತ್ತ ಕುಳಿತಳು.

"ಮುಂದ?"

"ಮುಂದ ಏನಿಲ್ಲಬೇ. ಮುಗೀತು. ಅಕಿ ಬರದಿದ್ದು ಪೂರ್ತಿ ಮುಗೀತು."

ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಯಾರೂ ಏಳಲಿಲ್ಲ. ಆಮೇಲೆ ಅವ್ವ ಹೇಳಿದಳು, "ಮೊದಲಿನಂಗ ಮಾಡು."

"ಏನು?"

"ಬೀಳತಿತ್ತಲ್ಲ. ಹಂಗ ಮಾಡು."

ನನಗೆ ಸಿಟ್ಟು ನೆತ್ತಿಗೇರಿತು. "ಬೀಳಲಾರದಂಗ ಮಾಡು ಅಂದಾಕಿ ನೀನ ಅಲ್ಲೇನು? ಎಷ್ಟು ವಾರ ಕುಂತೀನಿ ಇದಕ್ಕ, ಗೊತ್ತೈತೇನು ನಿನಗ?"

"ಹೌದವ್ವ, ಅಂದಿದ್ದೆ. ನನಗ ತಿಳೀಲಿಲ್ಲ." ಅವಳ ದನಿ ಮೆಲ್ಲಗಿತ್ತು. "ಬೀಳೋ ತನಕ ಅಕಿದು ಇನ್ನೊಂದೀಟು ಕೆಲಸ ಉಳದಿತ್ತು. ಅದನ್ನ ಎಬ್ಬಸಾಕರ ಬರತಾಳ ಅನ್ನಂಗಿತ್ತು ನನಗ. ಈಗ ಒರಸು ಅಂದು ಹೋದ್ಲು ನೋಡು."

ಇಷ್ಟು ದಿನ ನಾನು ಹುಡುಕಿದ್ದು ತಪ್ಪನ್ನಷ್ಟೇ. ಅದೇ ತಪ್ಪಿನಲ್ಲಿ ಅವ್ವ ಅವಳನ್ನು ಕಾಯುತ್ತಿದ್ದಳು ಎಂದು ನನಗೆ ತಿಳಿಯದೆ ಹೋಯಿತು. ನಾನು ಸೇರಿಸಿದ ಸಾಲನ್ನು ಅಳಿಸಿದೆ. ಮೊದಲು ಎಂಬ ಹೆಸರನ್ನು ತೆಗೆದೆ. ಜೀವಮಾನದಲ್ಲಿ ತಿಳಿದೂ ತಿಳಿದೂ ನಾನು ಉಳಿಸಿಕೊಂಡ ತಪ್ಪು ಅದೊಂದೇ. ಓಡಿಸಿದೆ. ಚುಕ್ಕಿಗಳು ಬಂದವು, ಬಿದ್ದಿತು. ಅವ್ವ ತಲೆಯಾಡಿಸಿ ಎದ್ದು ಹಾಲಿನ ಪಾತ್ರೆ ಇಳಿಸಿದಳು.

ಅಂದು ತವರಿನಲ್ಲೇ ಉಳಿದೆ. ಬೆಳಿಗ್ಗೆ ಬಸ್ಸಿಗೆಂದು ಹೊರಗೆ ಬಂದರೆ ಅಂಗಳಕ್ಕೆ ನೀರು ಹೊಡೆದಿತ್ತು. ಬಾಗಿಲ ಮುಂದೆ ಒಂಬತ್ತರ ಸಾಲು, ಅದರ ಮೇಲೆ ಕೆಳಗೆ ಐದರವರೆಗೆ. ಬರೀ ಚುಕ್ಕಿ. ಒಂದು ಎಳೆಯನ್ನೂ ಎಳೆದಿರಲಿಲ್ಲ. ಅವ್ವ ಡಬ್ಬಿಯ ಮುಚ್ಚಳ ಹಾಕುತ್ತ ಹೊರಗಿನ ಕಟ್ಟೆಯ ಮೇಲೆ ಕುಳಿತಿದ್ದಳು.

"ಎಳಿ ಎಳಿಯಲಿಲ್ಲೇನಬೇ?" ಎಂದು ಕೇಳಿದೆ.

"ಆಮ್ಯಾಲ ಬರೀತೀನಿ ಅಂದಿದ್ಲಲ್ಲ ಅಕಿ."

"ಹೋಗಲಿ ಬಿಡು. ನಾಳಿ ಇದನ್ನ ಒರಸಿ ಬ್ಯಾರೇದು ಹಾಕು."

"ಮಂದಿ ಕಾಲಿಗೆ ತಾನ ಹೋಗತೈತಿ. ನಾ ಒರಸಂಗಿಲ್ಲ" ಅಂದಳು.

ಲಿಂಗಸುಗೂರಿನ ಬಸ್ಸಿನ ಹಾರ್ನು ಕೇಳಿಸಿತು. ನಾನು ಒಂದು ಚುಕ್ಕಿಯನ್ನೂ ತುಳಿಯದಂತೆ ಗೋಡೆಯ ಬದಿಯಿಂದ ದಾಟಿ ರಸ್ತೆಗೆ ಬಂದೆ.